ಸೂರಿನ ಕೆಳಗಣ ಕುಳಿಹುಳು: ಒಂದು ಪಾಠದ ತಿದ್ದುಪಡಿ

ನಮ್ಮ ಶಾಲೆಯ ಹಳೆಯ ಕಟ್ಟಡದ ಹಿಂಭಾಗದಲ್ಲಿ, ಅಡಿಗೆಮನೆಗೂ ಹಾಸ್ಟೆಲಿನ ಜಗಲಿಗೂ ನಡುವೆ, ಹಂಚಿನ ಸೂರಿನ ಕೆಳಗೆ ಮಳೆಯ ನೀರು ತಾಗದ ಕಿರಿದಾದ ಧೂಳಿನ ಪಟ್ಟಿಯೊಂದಿರುವುದನ್ನು ಮರೆತ ಹಳೆಯ ವಿದ್ಯಾರ್ಥಿನಿಯರು ಅಪರೂಪವೆಂದು ನಂಬಿದ್ದೇವೆ. ಆ ಧೂಳಿನಲ್ಲಿ ಆಲಿಕೆಯ ಆಕಾರದ ಸಣ್ಣ ಸಣ್ಣ ಕುಳಿಗಳು ವರುಷವಿಡೀ ಇರುತ್ತವೆ. ಊಟದ ಗಂಟೆ ಹೊಡೆಯುವ ಮುಂಚೆ ಅಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಕಡ್ಡಿಯ ತುದಿಯಿಂದ ಒಂದಿಷ್ಟು ಮಣ್ಣನ್ನು ಕುಳಿಯೊಳಗೆ ಉದುರಿಸಿ, ತಳದಲ್ಲಿ ಅಡಗಿದ ಹುಳು ಅದನ್ನು ಎತ್ತಿ ಎಸೆಯುವುದನ್ನು ನೋಡದ ಹುಡುಗಿ ಈ ಶಾಲೆಯಲ್ಲಿ ಇರಲಾರಳು. ನಾವೂ ಬಾಲ್ಯದಲ್ಲಿ ಅಲ್ಲಿಯೇ ಕುಳಿತು ನೋಡಿದವರು. ಈ ಹುಳುವಿಗೆ ಊರಿಗೊಂದು ಹೆಸರು, ಮನೆಗೊಂದು ಹೆಸರು ಇರುವುದರಿಂದ ಈ ಲೇಖನದಲ್ಲಿ ಸುಮ್ಮನೆ ಕುಳಿಹುಳು ಎಂದು ಕರೆಯುವೆವು.

ಈ ವಿಷಯವನ್ನು ಸ್ಮರಣ ಸಂಚಿಕೆಗೆ ಬರೆಯಲು ಕಾರಣವುಂಟು. ನಮ್ಮ ವಿಜ್ಞಾನದ ಕಪಾಟಿನಲ್ಲಿ ಮೇಲಿನಿಂದ ಎರಡನೆಯ ಹಲಗೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದ್ದುದು ಬಹುಮಂದಿಗೆ ನೆನಪಿರಬಹುದು. ಅದರಲ್ಲಿ ಸ್ಪಿರಿಟು ತುಂಬಿದ ಪುಟ್ಟ ಸೀಸೆಯೊಳಗೆ ಕುಳಿಹುಳುವೊಂದು. ಅದರ ಪಕ್ಕದಲ್ಲಿ ಸೂಜಿ ಚುಚ್ಚಿ ನಿಲ್ಲಿಸಿದ, ಕಂದು ಮಚ್ಚೆಗಳ ಅಗಲ ರೆಕ್ಕೆಯುಳ್ಳ ಅಂದವಾದ ದೊಡ್ಡ ಕೀಟವೊಂದು. ಎರಡಕ್ಕೂ ಸೇರಿ ಒಂದೇ ಚೀಟಿ. ಚೀಟಿಯ ಮೇಲೆ ‘ಇರುವೆಸಿಂಹ, ಮಿರ್ಮೆಲಿಯನ್ ಫಾರ್ಮಿಕೇರಿಯಸ್, ಮರಿ ಮತ್ತು ಪ್ರೌಢಕೀಟ’ ಎಂದು ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ನಾವು ವಿದ್ಯಾರ್ಥಿನಿಯಾಗಿ ಆ ಚೀಟಿಯನ್ನು ನೋಡಿ ಕಲಿತೆವು. ಉಪಾಧ್ಯಾಯಿನಿಯಾಗಿ ಅದನ್ನೇ ತೋರಿಸಿ ಕಲಿಸಿದೆವು. ಆ ಚೀಟಿ ತಪ್ಪು. ಅದರಲ್ಲಿ ಒಂದಲ್ಲ, ಎರಡು ತಪ್ಪುಗಳಿದ್ದವು.

ಈಗ್ಗೆ ಇಪ್ಪತ್ತು ವರುಷಗಳ ಹಿಂದೆ ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ಕುಳಿಹುಳುವಿನ ಜೀವನಕ್ರಮವನ್ನು ಚಿತ್ರಸಹಿತ ವಿವರಿಸುವಂತೆ ಕೇಳಿದ್ದೆವು. ಒಬ್ಬ ಹುಡುಗಿ ಮಚ್ಚೆಯಿಲ್ಲದ ತೆಳು ರೆಕ್ಕೆಯ ಸಣ್ಣ ಕೀಟವನ್ನು ಬರೆದಿದ್ದಳು. ‘ಮಚ್ಚೆಗಳೆಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಬರೆದು ಚಿತ್ರದ ಅಂಕಗಳನ್ನು ಕಳೆದೆವು. ಮರುದಿನ ಆಕೆ ನಮ್ಮ ಮೇಜಿನ ಬಳಿಗೆ ಬಂದು, “ಟೀಚರೇ, ನಾನು ಮನೆಯಲ್ಲಿ ಡಬ್ಬಿಯಲ್ಲಿ ಸಾಕಿದ್ದೆ. ಅದಕ್ಕೆ ಮಚ್ಚೆ ಇರಲಿಲ್ಲ,” ಎಂದಳು. ನಾವು ಕಪಾಟಿನ ಕಡೆಗೆ ಕೈ ತೋರಿಸಿ, “ಹೋಗಿ ನೋಡು” ಎಂದೆವು. ಆಕೆ ನೋಡಿದಳು, ಮತ್ತೆ ಮಾತಾಡಲಿಲ್ಲ.

ಕಳೆದ ವರುಷ ಬೇಸಿಗೆಯ ರಜೆಗೆ ಮುಂಚೆ ಎಂಟನೆಯ ತರಗತಿಯ ಹುಡುಗಿಯರು ಮೂವರು ಬಿಸ್ಕತ್ತಿನ ಡಬ್ಬಿಯಲ್ಲಿ ಜರಡಿ ಹಿಡಿದ ಧೂಳನ್ನು ತುಂಬಿ, ಸೂರಿನ ಕೆಳಗಿಂದ ಮೂರು ಹುಳುಗಳನ್ನು ತಂದು, ಒಂದೊಂದು ಡಬ್ಬಿಗೆ ಒಂದೊಂದರಂತೆ ಸಾಕತೊಡಗಿದರು. ಒಂದೇ ಡಬ್ಬಿಯಲ್ಲಿ ಎರಡನ್ನಿಟ್ಟರೆ ಒಂದು ಇನ್ನೊಂದನ್ನು ತಿನ್ನುವುದುಂಟು. ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಲು ನಾವು ಮತ್ತೊಮ್ಮೆ ವಿದ್ಯಾರ್ಥಿನಿಯಾಗಬೇಕಾಯಿತು. ಆಗ ಕಲಿತುದನ್ನು ಇಲ್ಲಿ ಕ್ರಮವಾಗಿ ಬರೆಯುವೆವು.

ಮೊದಲು ಮರಿಹುಳು. ಅದನ್ನು ಧೂಳಿನಿಂದ ಚಮಚದಲ್ಲಿ ಎತ್ತಿ ಬಿಳಿಯ ಬಟ್ಟಲಿನಲ್ಲಿ ಹಾಕಿ ಭೂತಗನ್ನಡಿಯಿಂದ ನೋಡತಕ್ಕದ್ದು. ದೇಹವು ನಡುವೆ ಉಬ್ಬಿ ಹಿಂದಕ್ಕೆ ಚೂಪಾದ ಮೂಟೆಯಂತಿರುವುದು. ಮೈತುಂಬ ಬಿರುಸಾದ ಕೂದಲು. ತಲೆ ಚಪ್ಪಟೆ, ಅದರಿಂದ ಮುಂದಕ್ಕೆ ಕುಡುಗೋಲಿನಂತೆ ಬಾಗಿದ ಎರಡು ದವಡೆಗಳು ಚಾಚಿಕೊಂಡಿರುವುವು. ಪ್ರತಿಯೊಂದು ದವಡೆಯ ಒಳಅಂಚಿನಲ್ಲಿ ಮೂರು ಹಲ್ಲುಗಳಿದ್ದವು. ಈ ಹುಳುವಿಗೆ ನಮ್ಮಂತೆ ತೆರೆದ ಬಾಯಿಲ್ಲ. ಮೇಲ್ದವಡೆಯ ಕೆಳಗೆ ಒಂದು ತೋಡು ಇದ್ದು, ಕೆಳದವಡೆಯು ಅದಕ್ಕೆ ಸರಿಯಾಗಿ ಹೊಂದಿಕೊಂಡು ಕೊಳವೆಯಾಗುವುದು. ಹಿಡಿದ ಇರುವೆಯ ಮೈಗೆ ಆ ಕೊಳವೆಯ ಮೂಲಕ ವಿಷವನ್ನೂ ಜೀರ್ಣರಸವನ್ನೂ ಹರಿಸಿ, ಒಳಗಿನ ಮಾಂಸ ಕರಗಿದ ಮೇಲೆ ಹೀರಿ, ಬರಿಯ ಚಿಪ್ಪನ್ನು ಕುಳಿಯಿಂದ ಆಚೆಗೆ ಎಸೆಯುವುದು. ಮಕ್ಕಳಿಗೆ ಹೆಚ್ಚು ಆಶ್ಚರ್ಯವನ್ನುಂಟುಮಾಡಿದ ಸಂಗತಿ ಬೇರೊಂದು: ಮರಿಯ ಜಠರದಿಂದ ಹಿಂಭಾಗದ ಕರುಳಿಗೆ ದಾರಿ ಮುಚ್ಚಿರುವುದು. ತಿಂದುದರ ಶೇಷವನ್ನು ಅದು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ರೆಕ್ಕೆ ಬಂದ ದಿವಸ ಒಂದೇ ಗುಳಿಗೆಯಾಗಿ ಹೊರಹಾಕುವುದು.

ಇದು ಯಾವ ಕುಲದ ಹುಳುವೆಂದು ಹೇಳಬೇಕಾದರೆ ಬಣ್ಣವನ್ನು ನಂಬಬಾರದು. ಕೆಮ್ಮಣ್ಣಿನಲ್ಲಿದ್ದುದು ಕೆಂಪಾಗಿಯೂ ಬೂದಿಯಲ್ಲಿದ್ದುದು ಬೂದುಬಣ್ಣವಾಗಿಯೂ ಕಾಣುವುದು. ಕೂದಲಿಗೆ ಅಂಟಿದ ಧೂಳೇ ಇದಕ್ಕೆ ಕಾರಣ. ಗಾತ್ರವನ್ನೂ ನಂಬಲಾಗದು. ಹೊಟ್ಟೆ ತುಂಬಿದಾಗ ದೇಹ ಉಬ್ಬುವುದು, ಹಸಿದಾಗ ಕುಗ್ಗುವುದು. ಆದರೆ ಗಡುಸಾದ ತಲೆಯ ಅಗಲವು ಪೊರೆ ಬಿಟ್ಟಾಗ ಮಾತ್ರ ಹೆಚ್ಚುವುದು. ಮರಿಯು ಎರಡು ಸಲ ಪೊರೆ ಬಿಟ್ಟು ಮೂರು ಹಂತಗಳಲ್ಲಿ ಬೆಳೆಯುವುದರಿಂದ, ತಲೆಯ ಅಗಲವನ್ನು ಅಳೆದರೆ ಅದು ಯಾವ ಹಂತದಲ್ಲಿದೆಯೆಂದು ತಿಳಿಯಬಹುದು. ಜಾತಿಯನ್ನು ಗುರುತಿಸುವುದಕ್ಕೆ ಪಂಡಿತರು ಮೂರನೆಯ ಹಂತದ ಮರಿಯನ್ನೇ ಆರಿಸಿ, ಸ್ಪಿರಿಟಿನಲ್ಲಿ ತೊಳೆದು, ದವಡೆಯ ಹಲ್ಲುಗಳ ನಡುವಣ ಅಂತರ, ತಲೆಯ ಕೆಳಮೈಯ ಮೇಲಿನ ಕಪ್ಪು ಮಚ್ಚೆಗಳು, ಹೊಟ್ಟೆಯ ತುದಿಯ ತೋಡುಮುಳ್ಳುಗಳ ಎಣಿಕೆ, ಇವುಗಳನ್ನು ನೋಡುವರು. ನಾವು ಹುಳುವನ್ನು ಅಂಗಾತ ಮಾಡಿ ನೋಡಿದುದು ಇದೇ ಮೊದಲು. ಇಷ್ಟು ವರುಷ ಬೆನ್ನನ್ನು ಮಾತ್ರ ನೋಡಿ ಪಾಠ ಹೇಳಿದ್ದೆವು.

ಅದು ನಡೆಯುವ ರೀತಿಯೂ ಒಂದು ಗುರುತೇ. ಬಟ್ಟಲಿನಲ್ಲಿ ಬಿಟ್ಟಾಗ ನಮ್ಮ ಮೂರು ಹುಳುಗಳೂ ಹಿಮ್ಮುಖವಾಗಿಯೇ ಸರಿದವು. ಎಷ್ಟು ಮುಟ್ಟಿದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಕುಳಿಯನ್ನು ತೋಡುವಾಗಲೂ ಹಾಗೆಯೇ: ಹಿಂದಕ್ಕೆ ಸರಿಯುತ್ತ ಸುರುಳಿಯಾಗಿ ಒಳಸುತ್ತಿಗೆ ಬಂದು, ತಲೆಯನ್ನು ಸಲಿಕೆಯಂತೆ ಮಾಡಿ ಮಣ್ಣನ್ನು ಹೊರಗೆ ಎಸೆಯುವುದು. ಒಣ ಮಣ್ಣು ಜಾರದೆ ನಿಲ್ಲಬಲ್ಲ ಕಟ್ಟಕಡೆಯ ಇಳಿಜಾರಿನಲ್ಲಿಯೇ ಗೋಡೆಗಳು ನಿಲ್ಲುವುದರಿಂದ ಇರುವೆಯ ಕಾಲಿನ ಭಾರಕ್ಕೇ ಅವು ಕುಸಿಯುವುವು. ಇಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ಹೇಳಬೇಕು. ಈ ಕುಟುಂಬದ ಕೀಟಗಳಲ್ಲಿ ಈಗ ತಿಳಿದಿರುವ ಜಾತಿಗಳು 1,500ಕ್ಕೂ ಮೇಲ್ಪಟ್ಟಿವೆ. ಅವುಗಳೊಳಗೆ ಕುಳಿ ತೋಡುವವು ಕೆಲವೇ. ಉಳಿದವುಗಳ ಮರಿಗಳು ಮರಳಿನಲ್ಲಿಯೋ ಮರದ ಪೊಟರೆಯ ಹುಡಿಯಲ್ಲಿಯೋ ಬಂಡೆಯ ಸಂದಿನಲ್ಲಿಯೋ ಹೊಂಚಿ ಕುಳಿತು, ಹತ್ತಿರ ಬಂದುದನ್ನು ಹಿಡಿಯುವುವು. ಇವುಗಳಲ್ಲಿ ಅನೇಕವು ಮುಂದಕ್ಕೂ ನಡೆಯಬಲ್ಲವು. ಆದಕಾರಣ ಕುಳಿಯನ್ನು ತೋಡಿ ಹಿಮ್ಮುಖವಾಗಿ ಮಾತ್ರ ನಡೆಯುವ ಹುಳುವೆಂದ ಕೂಡಲೆ ನಮ್ಮ ಹುಡುಕಾಟ ಬಹಳ ಕಿರಿದಾಗುವುದು. ಮಿರ್ಮೆಲಿಯನ್ ಎಂಬ ಕುಲದ ಕಡೆಗೆ ಬೆರಳು ತೋರಿಸುವುದು.

ಮೋಸಗೊಳಿಸುವ ನೆಂಟರೂ ಉಂಟು. ಮೆಡಿಟರೇನಿಯನ್ ತೀರ, ಆಫ್ರಿಕ, ಪಶ್ಚಿಮ ಅಮೆರಿಕ ಮುಂತಾದ ಕಡೆಗಳಲ್ಲಿ ಒಂದು ಬಗೆಯ ನೊಣದ ಮರಿ ಇಂಥದೇ ಕುಳಿಯನ್ನು ತೋಡುವುದು. ಆದರೆ ಅದಕ್ಕೆ ಕಾಲುಗಳೂ ಇಲ್ಲ, ಕುಡುಗೋಲಿನ ದವಡೆಗಳೂ ಇಲ್ಲ. ಅಮೆರಿಕದ ಪ್ರೊಫೆಸರ್ ವ್ಹೀಲರ್ ಎಂಬವರು 1930ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಎರಡು ಕುಳಿಗಾರರನ್ನೂ ಒಟ್ಟಿಗೆ ವಿವರಿಸಿದ್ದಾರೆ. ಇನ್ನೊಂದು ನೆಂಟನು ಉದ್ದ ಮೀಸೆಯ ಗೂಬೆನೊಣ. ಅದರ ಮರಿಗೂ ಇಂಥ ದವಡೆಗಳೇ ಇದ್ದರೂ ಮೈಯ ಎರಡು ಪಕ್ಕಗಳಲ್ಲಿ ಬೆರಳಿನಂಥ ಚಾಚುಗಳಿರುವುವು. ಅದು ಕುಳಿ ತೋಡುವುದಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಒಂದು ಡಬ್ಬಿಯಲ್ಲಿ ಕುಳಿ ಮಾಯವಾಗಿತ್ತು. ಹುಳು ಸತ್ತಿತೆಂದು ಹುಡುಗಿ ಅಳುವುದರಲ್ಲಿದ್ದಳು. ಧೂಳನ್ನು ಮೆಲ್ಲನೆ ಕೆದಕಿದಾಗ ಅಂಟುವಾಳದ ಬೀಜದಷ್ಟು ದೊಡ್ಡದಾದ ಮಣ್ಣಿನ ಗುಂಡೊಂದು ಸಿಕ್ಕಿತು. ಹುಳುವು ದೇಹದ ಹಿಂತುದಿಯಿಂದ ರೇಷ್ಮೆಯ ಎಳೆಯನ್ನು ತೆಗೆದು, ಮರಳಿನ ಕಣಗಳನ್ನು ಹೊರಗೆ ಅಂಟಿಸಿ, ಒಳಗೆ ನಯವಾದ ಗೂಡು ಕಟ್ಟಿಕೊಂಡಿತ್ತು. ರೇಷ್ಮೆಹುಳುವಿನ ನೂಲು ಬಾಯಿಯ ಕಡೆಯಿಂದ ಬರುವುದೆಂದು ಓದಿದ ಮಕ್ಕಳಿಗೆ ಇದು ವಿಚಿತ್ರವಾಗಿ ಕಂಡಿತು. ಗುಂಡನ್ನು ಮೊದಲಿನಂತೆ ಮುಚ್ಚಿ, ಡಬ್ಬಿಯಲ್ಲಿ ಒಂದು ಒರಟಾದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಸೊಳ್ಳೆಪರದೆಯ ಬಟ್ಟೆಯನ್ನು ಕಟ್ಟಿದೆವು. ಕಡ್ಡಿಯನ್ನು ಮರೆಯಬಾರದು; ಹೊರಗೆ ಬಂದ ಕೀಟಕ್ಕೆ ಹತ್ತಿ ತೂಗಾಡಲು ಆಧಾರವಿಲ್ಲದಿದ್ದರೆ ರೆಕ್ಕೆಗಳು ಸುಕ್ಕಾಗಿಯೇ ಒಣಗಿ ಹೋಗುವುವು. ಇಪ್ಪತ್ತೇಳನೆಯ ದಿವಸ ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯೊಬ್ಬಳು ಪ್ರಾರ್ಥನೆಯ ಗಂಟೆಗೂ ಮುಂಚೆ ನಮ್ಮ ಬಾಗಿಲನ್ನು ತಟ್ಟಿದಳು. ಕಡ್ಡಿಯ ಮೇಲೆ ಕೀಟ ಕುಳಿತಿತ್ತು. ಅದರ ರೆಕ್ಕೆಯ ಮೇಲೆ ಒಂದೂ ಮಚ್ಚೆ ಇರಲಿಲ್ಲ.

ಅದನ್ನು ನೋಡಿ ನಮಗೆ ಮೊದಲು ನೆನಪಾದುದು ಇಪ್ಪತ್ತು ವರುಷಗಳ ಹಿಂದಿನ ಕೆಂಪು ಶಾಯಿ.

ಪ್ರೌಢಕೀಟವನ್ನು ಕಂಡವರು ಮೊದಲು ಅದನ್ನು ಏರೋಪ್ಲೇನು ಚಿಟ್ಟೆಯ ಸಣಕಲು ಜಾತಿಯೆಂದು ತಿಳಿಯುವರು. ಮೀಸೆಯನ್ನು ನೋಡಿದರೆ ಈ ತಪ್ಪು ಆಗದು. ಏರೋಪ್ಲೇನು ಚಿಟ್ಟೆಯ ಮೀಸೆ ಕಣ್ಣಿಗೆ ಕಾಣದಷ್ಟು ಗಿಡ್ಡವಾದ ಬಿರುಗೂದಲಿನಂತೆ ಇರುವುದು. ಇದರದು ಸ್ಪಷ್ಟವಾಗಿ ಕಾಣುವಂಥದು, ತುದಿಗೆ ದಪ್ಪವಾಗಿ ಸ್ವಲ್ಪ ಕೊಕ್ಕೆಯಂತೆ ಬಾಗಿದ್ದು. ಕುಳಿತಾಗ ಇದು ನಾಲ್ಕು ರೆಕ್ಕೆಗಳನ್ನೂ ನಮ್ಮ ಹಂಚಿನ ಮಾಡಿನ ಹಾಗೆ ಮೈಮೇಲೆ ಇಳಿಜಾರಾಗಿ ಮುಚ್ಚಿಕೊಳ್ಳುವುದು. ಹಾರಾಟವೂ ಸತ್ವಹೀನ, ರಾತ್ರಿಯಲ್ಲಿ ದೀಪಕ್ಕೆ ಬಂದು ಗೋಡೆಗೆ ತಾಗುತ್ತ ತಡವರಿಸುವುದು. ಎಷ್ಟೋ ಸಲ ಅಧ್ಯಯನದ ಕೊಠಡಿಯಲ್ಲಿ ಪುಸ್ತಕದ ಮೇಲೆ ಬಿದ್ದ ಇಂಥ ಕೀಟವನ್ನು ನಾವೇ ಊದಿ ಹಾರಿಸಿದ್ದುಂಟು. ಹೊರಗಿನ ಧೂಳಿನ ಹುಳುವೇ ಇದೆಂದು ಆಗ ಹೊಳೆಯಲಿಲ್ಲ.

ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಲೆಯಂತೆ ಹೆಣೆದ ನರಗಳು ಕಾಣುವುವು. ತುದಿಯ ಹತ್ತಿರ ಮುಂಗಡೆಯ ಅಂಚಿನಲ್ಲಿ ಮಸುಕಾದ ಸಣ್ಣ ಕಲೆಯಿದ್ದು, ಅದರ ಹಿಂದೆ ಉಳಿದ ಕೋಣೆಗಳಿಗಿಂತ ಬಹಳ ಉದ್ದವೂ ಇಕ್ಕಟ್ಟೂ ಆದ ಕೋಣೆಯೊಂದಿರುವುದು. ಕುಳಿಹುಳುವಿನ ಕುಟುಂಬಕ್ಕೆ ಇದೇ ಮುದ್ರೆ. ಕುಲವನ್ನು ತಿಳಿಯಲು ಹಿಂದಿನ ರೆಕ್ಕೆಗೆ ಹೋಗಬೇಕು. ಅದರ ಬುಡದಿಂದ ಹೊರಟ ಮುಖ್ಯನರವೊಂದು ಸ್ವಲ್ಪ ದೂರ ಹೋಗಿ ಕವಲೊಡೆಯುವುದು. ಆ ಕವಲಿಗೆ ಮುಂಚೆ ಅಡ್ಡನರಗಳು ಎಷ್ಟಿವೆಯೆಂದು ಎಣಿಸತಕ್ಕದ್ದು. ಡಿಸ್ಟೊಲಿಯನ್ ಮೊದಲಾದ, ಕುಳಿ ತೋಡದ ಒಂದು ದೊಡ್ಡ ಗುಂಪಿನಲ್ಲಿ ಅದು ಒಂದೇ. ಮಿರ್ಮೆಲಿಯನ್ ಕುಲದಲ್ಲಿ ಹಲವು. ನಮ್ಮ ಹುಡುಗಿಯರು ಒಬ್ಬರಾದ ಮೇಲೊಬ್ಬರು ಎಣಿಸಿ ಬೇರೆ ಬೇರೆ ಸಂಖ್ಯೆ ಹೇಳಿದರೂ ‘ಒಂದು’ ಎಂದವರು ಯಾರೂ ಇರಲಿಲ್ಲ. ಹೀಗೆ ಮರಿಯು ತೋರಿಸಿದ ದಾರಿಯೂ ಪ್ರೌಢಕೀಟವು ತೋರಿಸಿದ ದಾರಿಯೂ ಒಂದೇ ಕುಲಕ್ಕೆ ಬಂದು ಕೂಡಿದವು.

ಆ ಮೇಲೆ ಕಪಾಟಿನ ಕೀಟವನ್ನು ಹೊರಗೆ ತೆಗೆದು ಪಕ್ಕದಲ್ಲಿಟ್ಟೆವು. ಡಬ್ಬಿಯ ಕೀಟದ ರೆಕ್ಕೆಗಳನ್ನು ಹರಡಿದರೆ ತುದಿಯಿಂದ ತುದಿಗೆ ಎರಡೂಕಾಲು ಅಂಗುಲ. ಕಪಾಟಿನದಕ್ಕೆ ನಾಲ್ಕೂವರೆ ಅಂಗುಲ. ಸೀಸೆಯಲ್ಲಿದ್ದ ಅರ್ಧ ಅಂಗುಲದ ಮರಿಯಿಂದ ಅಷ್ಟು ದೊಡ್ಡ ಕೀಟ ಹೇಗೆ ಬಂದೀತೆಂದು ನಾವು ಇಷ್ಟು ವರುಷ ಕೇಳಿಕೊಳ್ಳಲಿಲ್ಲವಲ್ಲ! ಆದರೆ ಮಚ್ಚೆಯಿರುವುದೊಂದರಿಂದಲೇ ಅದು ಕುಳಿಹುಳುವಿನ ಪ್ರೌಢರೂಪವಲ್ಲವೆಂದು ತೀರ್ಮಾನಿಸಲಾಗದು. ಯಾಕಂದರೆ ಯೂರೋಪಿನಲ್ಲಿ ಯೂರೋಲಿಯನ್ ನಾಸ್ಟ್ರಾಸ್ ಎಂಬ ಜಾತಿಯು ಕುಳಿಯನ್ನೂ ತೋಡುವುದು, ಅದರ ರೆಕ್ಕೆಯ ಮೇಲೆ ಮಚ್ಚೆಗಳೂ ಇರುವುವು. ಆದ್ದರಿಂದ ಎರಡೂ ಕೀಟಗಳ ಚಿತ್ರಗಳನ್ನು ತೆಗೆದು, ಕಪಾಟಿನ ಕೀಟವನ್ನು ಹತ್ತಿಯಲ್ಲಿಟ್ಟು, ಕೀಟಶಾಸ್ತ್ರವನ್ನು ಬೋಧಿಸುವ ನಮ್ಮ ಪರಿಚಯದ ಕಾಲೇಜು ಅಧ್ಯಾಪಿಕೆಯೊಬ್ಬರಿಗೆ ಕಳುಹಿಸಿದೆವು. ಅವರ ಉತ್ತರ ವಾರದೊಳಗೆ ಬಂತು. ದೊಡ್ಡದು ಪಾಲ್ಪರೆಸ್ ಪಾರ್ಡಸ್. ಫ್ರೆಂಚ್ ವಿದ್ವಾಂಸರಾದ ರಾಂಬುರ್ ಎಂಬವರು 1842ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಪಾರ್ಡಸ್ ಎಂದರೆ ಚಿರತೆ. ಈ ಗುಂಪಿನ ಮರಿಗಳು ಗಾತ್ರದಲ್ಲಿ ಬಹು ದೊಡ್ಡವು. ಕುಳಿ ತೋಡದೆ ಮರಳಿನೊಳಗೆ ಹುದುಗಿರುವುವು. ಶಾಲೆಯ ಹಳೆಯ ದಾಖಲೆ ಪುಸ್ತಕವನ್ನು ತಿರುವಿದಾಗ, ಆ ಕೀಟವನ್ನು ಹಿಂದಿನ ಉಪಾಧ್ಯಾಯಿನಿಯೊಬ್ಬರು ರಜೆಯಲ್ಲಿ ಘಟ್ಟದ ಮೇಲಣ ಬಯಲುಸೀಮೆಯಿಂದ ತಂದುಕೊಟ್ಟರೆಂಬ ಒಂದು ಸಾಲು ಸಿಕ್ಕಿತು. ಸೀಸೆಯ ಮರಿ ನಮ್ಮ ಸೂರಿನದು. ಯಾರೋ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ತಾಯಿಮಕ್ಕಳನ್ನಾಗಿ ಮಾಡಿದ್ದರು.

ಎರಡನೆಯ ತಪ್ಪು ಹೆಸರಿನದು. ಫಾರ್ಮಿಕೇರಿಯಸ್ ಎಂಬ ಜಾತಿಗೆ ಲಿನೇಯಸರು 1767ರಲ್ಲಿ ಹೆಸರಿಟ್ಟರು. ಅದರ ನೆಲೆ ಯೂರೋಪ್ ಮತ್ತು ಉತ್ತರ ಏಷ್ಯದ ತಂಪು ಸೀಮೆಗಳು. ಅದರ ರೆಕ್ಕೆಯಲ್ಲಿಯೂ ಮಚ್ಚೆಗಳಿಲ್ಲ. ಎಂದರೆ ಆ ಹೆಸರು ಕಪಾಟಿನ ಮಚ್ಚೆಯ ಕೀಟಕ್ಕೆ ಯಾವ ದೇಶದಲ್ಲಿಯೂ ಒಪ್ಪದು. ನಮ್ಮ ಮರಿಗಾದರೋ ಕುಲದ ಹೆಸರು ಮಾತ್ರ ಒಪ್ಪುವುದು. ಇಂಗ್ಲೀಷು ಪಾಠಪುಸ್ತಕದಲ್ಲಿ ಅಲ್ಲಿನ ಮಕ್ಕಳಿಗಾಗಿ ಬರೆದ ಹೆಸರನ್ನು ಇಲ್ಲಿನ ಹುಳುವಿಗೆ ಅಂಟಿಸಿದ್ದೇ ಇದರ ಮೂಲವೆಂದು ತೋರುವುದು. ನಮ್ಮ ದೇಶದಲ್ಲಿಯೇ ಮಿರ್ಮೆಲಿಯನ್ ಕುಲದ ಹಲವು ಜಾತಿಗಳಿವೆ. ಟೆನ್ಯುಯಿಪೆನ್ನಿಸ್ ಎಂಬುದಕ್ಕೆ ರಾಂಬುರರೇ 1842ರಲ್ಲಿ ಹೆಸರಿಟ್ಟರು; ಸ್ಯೂಡೊಹಯಲೈನಸ್ ಎಂಬುದಕ್ಕೆ ಹೆಸರು ಬಂದುದು 1972ರಷ್ಟು ಈಚೆಗೆ.

ಹೆಸರಿನ ಮಾತು ಬಂದುದರಿಂದ ಸತ್ಯವೇದದ ಪಾಠಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನೂ ಹೇಳಿಬಿಡುವೆವು. ಯೋಬನ ಗ್ರಂಥದ 4ನೆಯ ಅಧ್ಯಾಯದ 11ನೆಯ ವಚನದಲ್ಲಿ ಬೇಟೆಯಿಲ್ಲದೆ ಸಾಯುವ ಸಿಂಹದ ಮಾತಿದೆಯಷ್ಟೆ. ಹಳೆಯ ಗ್ರೀಕ್ ಭಾಷಾಂತರವಾದ ಸೆಪ್ಟುವಜಿಂಟಿನಲ್ಲಿ ಅಲ್ಲಿ ‘ಇರುವೆಸಿಂಹ’ ಎಂಬರ್ಥದ ಶಬ್ದವನ್ನು ಹಾಕಿದರು. ಅದನ್ನು ಓದಿದ ಹಿಂದಿನ ಕಾಲದವರು, ತಂದೆ ಸಿಂಹ, ತಾಯಿ ಇರುವೆ. ಹುಟ್ಟಿದ ಮರಿ ಮಾಂಸವನ್ನೂ ತಿನ್ನಲಾರದೆ ಕಾಳನ್ನೂ ತಿನ್ನಲಾರದೆ ಹಸಿವಿನಿಂದ ಸಾಯುವುದು ಎಂದು ಒಂದು ಕಥೆಯನ್ನು ಕಟ್ಟಿದರು. ಫ್ರಾನ್ಸಿನ ರೊಮ್ಯೂರ್ ಎಂಬವರು ನಿಜವಾದ ಹುಳುವನ್ನು ಸಾಕಿ ನೋಡಿ 1742ರ ತಮ್ಮ ಸಂಪುಟದಲ್ಲಿ ಅದರ ಚರಿತ್ರೆಯನ್ನು ಬರೆದರು. ಕಥೆಯ ಮೃಗವು ಒಂದು ಶಬ್ದದ ಮೇಲೆ ನಿಂತಿತ್ತು. ನಮ್ಮ ಕಪಾಟಿನ ಮೃಗವು ಒಂದು ಚೀಟಿಯ ಮೇಲೆ.

ಜಾತಿಯ ಹೆಸರನ್ನು ಪೂರ್ತಿಯಾಗಿ ಬರೆಯಲು ಆ ಅಧ್ಯಾಪಿಕೆಯವರು ಒಪ್ಪಲಿಲ್ಲ. ಈ ಕುಲದ ಮಚ್ಚೆಯಿಲ್ಲದ ಜಾತಿಗಳು ಒಂದಕ್ಕೊಂದು ಬಹಳ ಹೋಲುವುದರಿಂದ ಗಂಡುಕೀಟದ ಹೊಟ್ಟೆಯ ತುದಿಯ ಅವಯವಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಣಯಿಸಬೇಕೆಂದೂ, ಮೊಬೈಲಿನ ಚಿತ್ರ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಸಾಲದೆಂದೂ ಬರೆದರು. ಹಲವು ಜಾತಿಗಳ ಗಂಡಿಗೆ ಹಿಂದಿನ ರೆಕ್ಕೆಯ ಬುಡದಲ್ಲಿ ಒಂದು ಪುಟ್ಟ ಗುಬಟು ಇರುವುದು. ನಮ್ಮದಕ್ಕೆ ಅದಿರಲಿಲ್ಲ, ಹೊಟ್ಟೆಯ ತುದಿಯನ್ನು ನೋಡಿ ಅವರು ಹೆಣ್ಣೆಂದೇ ಹೇಳಿದರು. ಇನ್ನೆರಡು ಡಬ್ಬಿಗಳಿಂದಲೂ ಮಚ್ಚೆಯಿಲ್ಲದ ಕೀಟಗಳೇ ಬಂದವು. ಅವುಗಳಲ್ಲಿ ಒಂದಕ್ಕೆ ಗುಬಟು ಇರುವುದನ್ನು ಮೊದಲು ಕಂಡವಳು ಅಳುವುದರಲ್ಲಿದ್ದ ಹುಡುಗಿಯೇ. ಆ ಗಂಡನ್ನು ಸ್ಪಿರಿಟಿನಲ್ಲಿಟ್ಟು ಅಧ್ಯಾಪಿಕೆಯವರಿಗೆ ತಲಪಿಸಿದ್ದೇವೆ.

ಈಗ ಕಪಾಟಿನಲ್ಲಿ ಎರಡು ಪೆಟ್ಟಿಗೆಗಳಿವೆ. ಒಂದರಲ್ಲಿ ‘ಪಾಲ್ಪರೆಸ್ ಪಾರ್ಡಸ್, ಪ್ರೌಢಕೀಟ, ಬಯಲುಸೀಮೆಯಿಂದ ತಂದದ್ದು’ ಎಂದಿದೆ. ಇನ್ನೊಂದರಲ್ಲಿ ಸೀಸೆಯ ಮರಿ, ಒಡೆದ ಗೂಡು, ಮೊದಲ ಡಬ್ಬಿಯ ಹೆಣ್ಣುಕೀಟ ಇವೆ. ಚೀಟಿಯ ಮೇಲೆ ಮಿರ್ಮೆಲಿಯನ್ ಎಂದು ಬರೆದು ಮುಂದೆ ಒಂದು ಶಬ್ದಕ್ಕೆ ಸ್ಥಳ ಬಿಟ್ಟಿದ್ದೇವೆ. ಸಾಕಿದ ಮೂವರು ಹುಡುಗಿಯರ ಹೆಸರುಗಳು ಕೆಳಗಿವೆ. ನಾಲ್ಕನೆಯ ಹೆಸರನ್ನೂ ಬರೆಯಬೇಕೆಂದಿದ್ದೇವೆ. ಇಪ್ಪತ್ತು ವರುಷಗಳ ಹಿಂದೆ ಆ ಡಬ್ಬಿಯನ್ನು ಮನೆಯಲ್ಲಿಟ್ಟು ಸಾಕಿದವಳು ಈ ಸಂಚಿಕೆಯನ್ನು ಓದುವಳೆಂದು ನಂಬಿದ್ದೇವೆ. ಅಮ್ಮಾ, ನಿನ್ನ ಚಿತ್ರ ಸರಿಯಾಗಿತ್ತು. ನಿನ್ನ ಟೀಚರು ತಪ್ಪಿದರು. ನಿನ್ನ ಉತ್ತರಪತ್ರಿಕೆ ಈಗ ಶಾಲೆಯಲ್ಲಿಲ್ಲ, ಅಂಕಗಳನ್ನು ಕೂಡಿಸುವ ದಾರಿಯೂ ನಮಗಿಲ್ಲ. ಒಪ್ಪಿಗೆಯಿದ್ದರೆ ಕಾಗದ ಬರೆ. ಚೀಟಿಯನ್ನು ಇನ್ನೂ ಗಾಜಿನ ಕೆಳಗೆ ಅಂಟಿಸಿಲ್ಲ.